ಗುರ್ಲಹೊಸೂರಿನ ಅಣ್ಣಾಸಾಹೇಬರೂ ಸಂಗೀತನಾಟಕದ ನಾಂದಿಯೂ

ಚಚಡಿ, ಗುರ್ಲಹೊಸೂರುಗಳನ್ನೊಳಗೊಂಡ ಸವದತ್ತಿಯ ಸೀಮೆಯನ್ನು ಇತಿಹಾಸಕಾರರು ರಟ್ಟರ ಶಾಸನಗಳಿಗಾಗಿ ಸ್ಮರಿಸುವುದುಂಟು; ರಂಗಸಂಗೀತಕ್ಕಾಗಿ ಸ್ಮರಿಸುವವರು ವಿರಳ. ಮರಾಠಿ ಸಂಗೀತನಾಟಕದ ಪ್ರವರ್ತಕರಾದ ಬಳವಂತ ಪಾಂಡುರಂಗ ಕಿರ್ಲೋಸ್ಕರರು, ಅರ್ಥಾತ್ ಅಣ್ಣಾಸಾಹೇಬರು, 1843ರಲ್ಲಿ ಜನಿಸಿದ್ದೂ 1885ರಲ್ಲಿ ಕಾಲವಾದದ್ದೂ ಗುರ್ಲಹೊಸೂರಿನಲ್ಲಿಯೇ.

ಅವರು ಹುಟ್ಟಿದ ವರ್ಷವೇ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿದರು. ಅದಕ್ಕೆ ಪ್ರೇರಣೆಯಾದುದು ಅಲ್ಲಿಗೆ ಬಂದಿದ್ದ ಕನ್ನಡ ಭಾಗವತರ ಮೇಳ. ಭಾವೆಯವರ ನಾಟಕಗಳಲ್ಲಿ ಪದಗಳನ್ನು ಹಾಡುವವನು ಸೂತ್ರಧಾರನೇ; ಇದು ನಮ್ಮ ಬಯಲಾಟದ ಭಾಗವತನ ರೀತಿ. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ‘ಸಂಗೀತ ಶಾಕುಂತಲ’ದ ಮೊದಲ ನಾಲ್ಕು ಅಂಕಗಳನ್ನು ಪ್ರಯೋಗಿಸಿದ ಕಿರ್ಲೋಸ್ಕರರು ಹಾಡನ್ನು ಪಾತ್ರಗಳ ಬಾಯಿಗೇ ಕೊಟ್ಟರು. ಅವರ ಪದಗಳಲ್ಲಿ ಹಲವು ಕನ್ನಡ ಧಾಟಿಯವೆಂಬುದು ಪ್ರಸಿದ್ಧ. ಇಷ್ಟರಿಂದ ಆ ನಾಟಕ ಕನ್ನಡದ್ದೆಂದು ಹಕ್ಕು ಸಾಧಿಸುವುದು ನಮಗೆ ಸಮ್ಮತವಲ್ಲ. ಧಾಟಿಗಳಿಗೆ ಗಡಿಕಲ್ಲುಗಳಿರಲಿಲ್ಲವೆಂಬುದಷ್ಟೇ ಸಿದ್ಧವಾಗುತ್ತದೆ.

ಪಾಶ್ಚಾತ್ಯ ಗೀತನಾಟಕಕ್ಕೆ ‘ಓವರ್ಚರ್’ ಎಂಬ ವಾದ್ಯಪೀಠಿಕೆಯಿದ್ದಂತೆ ನಮ್ಮ ನಾಟಕಕ್ಕೆ ನಾಂದಿಯೆಂದು ಹೇಳುವ ವಾಡಿಕೆಯಿದೆ. ಈ ಹೋಲಿಕೆ ಅರ್ಧಸತ್ಯ. ಪೀಠಿಕೆಯು ಮುಂಬರುವ ಕಥೆಯ ಸ್ವರೂಪವನ್ನು ಪ್ರೇಕ್ಷಕರಿಗೆ ಸೂಚಿಸಬೇಕೆಂದು ಗ್ಲುಕ್ 1769ರಲ್ಲಿ ವಾದಿಸಿದನು. ಮೊತ್ಸಾರ್ಟನ ‘ಡಾನ್ ಜೊವಾನಿ’ಯ (1787) ಪೀಠಿಕೆಯ ಭೀಕರಸ್ವರಗಳು ಶಿಲಾಪ್ರತಿಮೆಯು ಭೋಜನಕ್ಕೆ ಬರುವಾಗ ಮರಳಿ ಕೇಳುತ್ತವೆ. ನಾಂದಿಯಾದರೋ ಮುಖ್ಯವಾಗಿ ಆಶೀರ್ವಚನ. ಭರತನ ಪೂರ್ವರಂಗದಲ್ಲಿ ವಾದ್ಯಗಳನ್ನು ಅಣಿಗೊಳಿಸುವುದು, ಗಾಯಕರು ಕುಳಿತುಕೊಳ್ಳುವುದು ಮೊದಲಾದವು ಇದಕ್ಕೂ ಮುಂಚಿನವು. ಗ್ಲುಕ್ ಬಯಸಿದ ಕಾರ್ಯವನ್ನು ಕಾಳಿದಾಸನು ನಾಂದಿಯ ಅನಂತರದ ಪ್ರಸ್ತಾವನೆಯಲ್ಲಿ ಮಾಡಿಸಿದ್ದಾನೆ. ನಟಿಯು ಗ್ರೀಷ್ಮವನ್ನು ಕುರಿತು ಹಾಡುತ್ತಾಳೆ. ಸೂತ್ರಧಾರನು ಆ ಗಾನಕ್ಕೆ ಮೈಮರೆತು ತಾನು ಆಡಿಸಬೇಕಾದ ನಾಟಕವನ್ನೇ ಮರೆಯುತ್ತಾನೆ. ದುಷ್ಯಂತನ ಮರೆವಿಗೆ ಇದಕ್ಕಿಂತ ಸೊಗಸಾದ ಮುನ್ಸೂಚನೆ ಯಾವುದು?

ಪಾಶ್ಚಾತ್ಯ ಶಾಲೆಗಳಲ್ಲಿ ಮೊತ್ಸಾರ್ಟನ ಪೀಠಿಕೆಗಳನ್ನು ವಿದ್ಯಾರ್ಥಿಗಳ ವಾದ್ಯವೃಂದಕ್ಕೆ ಅಳವಡಿಸುವಾಗ ಕಠಿನ ಭಾಗಗಳನ್ನು ಸುಲಭಗೊಳಿಸಿ, ಇಲ್ಲದ ವಾದ್ಯದ ಪಾಲನ್ನು ಇರುವ ವಾದ್ಯಕ್ಕೆ ವಹಿಸುತ್ತಾರೆ. ನಮ್ಮ ಕಾಲೇಜುಗಳಲ್ಲಿಯೂ ‘ಶಾಕುಂತಲ’ದ ಆರಂಭವನ್ನು ಹೀಗೆ ಅಳವಡಿಸಬಹುದು. ಆದರೆ ಹಾರ್ಮೋನಿಯಂ ಒಂದನ್ನೇ ನಂಬಿದರೆ ಮೀಂಡು ಉಳಿಯದು; ಪಿಟೀಲೊಂದು ಜೊತೆಗಿರುವುದು ಅಗತ್ಯ. ಸಮಯ ಸಾಲದೆಂದು ನಾಂದಿಯನ್ನಷ್ಟೇ ನುಡಿಸಿ ನಿಲ್ಲಿಸಿದರೆ ಮಂಗಳಾಚರಣೆಯಾದೀತು, ನಾಟಕದ ಪೀಠಿಕೆಯಾಗದು. ಕತ್ತರಿಸಲೇಬೇಕಾದಲ್ಲಿ ನಾಂದಿಯನ್ನು ಮೊಟಕುಗೊಳಿಸಿ, ನಟಿಯ ಹಾಡನ್ನು ಪೂರ್ಣವಾಗಿ ಉಳಿಸತಕ್ಕದ್ದು.