ತಗಡಿನ ವಿಮಾನಗಳು ಹೇಳುವ ಚರಿತ್ರೆ

ಅಂಚೆಚೀಟಿ, ನಾಣ್ಯಗಳನ್ನು ಸಂಗ್ರಹಿಸುವವರನ್ನು ನಾವೆಲ್ಲ ಬಲ್ಲೆವು. ಆದರೆ ಹಳೆಯ ತಗಡಿನ ಆಟಿಕೆ ವಿಮಾನಗಳನ್ನು ಕೂಡಿಡುತ್ತೇನೆಂದರೆ ಕೇಳಿದವರು ಮುಗುಳ್ನಗುತ್ತಾರೆ. ನಾಣ್ಯದಲ್ಲಿ ಎಷ್ಟು ಚರಿತ್ರೆಯಿದೆಯೋ ಅಷ್ಟೇ ಚರಿತ್ರೆ ಅಂಗೈಯಗಲದ ಈ ವಿಮಾನದಲ್ಲೂ ಇದೆ. ಅದನ್ನು ಓದುವ ಬಗೆ ತಿಳಿದಿರಬೇಕು, ಅಷ್ಟೆ.

ತೆಳುವಾದ ಉಕ್ಕಿನ ಹಾಳೆಗೆ ತವರದ ಲೇಪ ಕೊಟ್ಟರೆ ಈ ಆಟಿಕೆಯ ತಗಡು ಸಿದ್ಧ. ಹಾಳೆ ಚಪ್ಪಟೆಯಾಗಿರುವಾಗಲೇ ಕಿಟಕಿ, ಬಾಗಿಲು, ಪೈಲಟನ ಮುಖ, ಕಂಪನಿಯ ಹೆಸರು ಎಲ್ಲವನ್ನೂ ಕಲ್ಲಚ್ಚಿನ ವಿಧಾನದಲ್ಲಿ ಮುದ್ರಿಸಿ, ಆನಂತರ ಯಂತ್ರದಲ್ಲಿ ಒತ್ತಿ ಕತ್ತರಿಸುತ್ತಿದ್ದರು. ಒಂದು ಭಾಗದ ಅಂಚಿನ ಪುಟ್ಟ ನಾಲಗೆಗಳನ್ನು ಇನ್ನೊಂದರ ಸೀಳಿನಲ್ಲಿ ತೂರಿಸಿ ಮಡಿಸಿದರೆ ಕೂಡಿಕೆ ಮುಗಿಯಿತು. ಹೊಟ್ಟೆಯೊಳಗೆ ಕೀ ಕೊಡುವ ಸ್ಪ್ರಿಂಗು, ಇಲ್ಲವೆ ನೆಲಕ್ಕೆ ಉಜ್ಜಿ ಬಿಟ್ಟರೆ ಓಡಿಸುವ ಭಾರದ ಚಕ್ರ.

ಮೊದಲು ಈ ವಿದ್ಯೆಗೆ ಹೆಸರಾದದ್ದು ಜರ್ಮನಿಯ ನ್ಯೂರೆಂಬರ್ಗ್. 1903ರಲ್ಲಿ ರೈಟ್ ಸಹೋದರರು ಹಾರಿದ ಕೆಲವೇ ವರ್ಷಗಳಲ್ಲಿ ಅಲ್ಲಿಯ ಅಂಗಡಿಗಳಿಗೆ ಆಟಿಕೆ ವಿಮಾನ ಬಂದಿತು. ಹಿಟ್ಲರನ ಕಾಲಕ್ಕೆ ಅದೇ ಆಟಿಕೆಗಳ ಬಾಲದ ಮೇಲೆ ಸ್ವಸ್ತಿಕ ಕಾಣಿಸಿಕೊಂಡಿತು. ಮಕ್ಕಳ ಕೈಗೂ ಯುದ್ಧ ಬಂದಿತ್ತು.

ಎರಡನೆಯ ಅಧ್ಯಾಯ ಜಪಾನಿನದು. ಯುದ್ಧಸಾಮಗ್ರಿಗೆ ಲೋಹ ಬೇಕೆಂದು 1938ರಲ್ಲಿ ಅಲ್ಲಿ ದೇಶದೊಳಗಿನ ಮಾರಾಟಕ್ಕೆ ಲೋಹದ ಆಟಿಕೆ ಮಾಡುವುದನ್ನೇ ನಿಷೇಧಿಸಿದರು. ಸೋತ ಜಪಾನಿನಲ್ಲಿ 1945ರ ಡಿಸೆಂಬರಿನಲ್ಲಿ, ಕ್ಯೋಟೋ ಸಮೀಪದ ಓಟ್ಸು ಊರಿನ ಮಾತ್ಸುಜೊ ಕೊಸುಗೆ ಎಂಬವರು ಅಮೆರಿಕನ್ ಸೈನಿಕರು ಬಿಸಾಡಿದ ಡಬ್ಬಿಗಳ ತಗಡಿನಿಂದ ಪುಟ್ಟ ಜೀಪು ಮಾಡಿ ಮಾರಿದರು. ಗೆದ್ದವರ ಡಬ್ಬಿಯಿಂದ ಸೋತವರ ಮಕ್ಕಳಿಗೆ ಆಟಿಕೆ! ಆ ಉದ್ಯಮ ಅಲ್ಲಿಂದ ಮತ್ತೆ ತಲೆಯೆತ್ತಿತು. ಸುಮಾರು 1947ರಿಂದ 1952ರವರೆಗೆ ಹೊರದೇಶಕ್ಕೆ ಹೋದ ಆಟಿಕೆಗಳ ಮೇಲೆ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಎಂಬ ಮುದ್ರೆ ಇರುತ್ತಿತ್ತು. ಪರರ ಆಳ್ವಿಕೆಯ ನೋವು ಬಲ್ಲ ನಮಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮುದ್ರೆ ಅಳಿಸಿದ್ದರೆ ವಿಮಾನದ ರೂಪವೇ ಕಾಲ ತಿಳಿಸುತ್ತದೆ. ಮೂರು ಬಾಲದ ಕಾನ್ಸ್ಟಲೇಷನ್ ಆದರೆ ಅದು ಪ್ರೊಪೆಲ್ಲರ್ ಯುಗದ್ದು. 1948ರ ಜೂನ್ 8ರಂದು ಏರ್ ಇಂಡಿಯಾ ಮುಂಬಯಿಯಿಂದ ಲಂಡನ್ನಿಗೆ ಮೊದಲು ಹಾರಿಸಿದ್ದು ಇದೇ ಜಾತಿಯ ವಿಮಾನ. ಬೋಯಿಂಗ್ 707 ಜೆಟ್ ಪ್ರಯಾಣಿಕರನ್ನು ಒಯ್ಯತೊಡಗಿದ್ದು 1958ರಲ್ಲಿ. ಆ ಹೆಸರು ಹೊತ್ತ ಆಟಿಕೆ ಅದಕ್ಕಿಂತ ಬಹಳ ಹಿಂದಿನದಾಗಿರಲಾರದು. ಮುಂದೆ ಪ್ಲಾಸ್ಟಿಕ್ ಬಂದು ತಗಡು ಹಿಂದೆ ಸರಿಯಿತು. 1986ರಲ್ಲಿ ಯೊಕೊಹಾಮಾದಲ್ಲಿ ತಗಡಿನ ಆಟಿಕೆಗಳಿಗೆಂದೇ ಒಂದು ವಸ್ತುಸಂಗ್ರಹಾಲಯ ತೆರೆಯಿತೆಂದರೆ, ಅಷ್ಟರಲ್ಲಿ ಅವು ಹಳೆಯ ಕಾಲದ ಸಾಮಾನಾಗಿದ್ದವೆಂದೇ ಅರ್ಥ.

ವಿಮಾನದ ಚರಿತ್ರೆಯಲ್ಲಿ ನಮ್ಮ ನಾಗಪುರಕ್ಕೂ ಒಂದು ಪುಟವಿದೆ. ಮನೀಶ್ ನಗರಕ್ಕೆ ಸಮೀಪದ ಸೋನೆಗಾಂವ್ ನಿಲ್ದಾಣದಲ್ಲಿ, 1949ರ ಜನವರಿ 30ರಂದು ಆರಂಭವಾದ ರಾತ್ರಿ ಟಪಾಲು ಸೇವೆಯ ವಿಮಾನಗಳು ಕೂಡುತ್ತಿದ್ದವು. ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ಹೊರಟವು ನಡುರಾತ್ರಿಗೆ ಇಲ್ಲಿಳಿದು, ಟಪಾಲಿನ ಚೀಲಗಳನ್ನೂ ಪ್ರಯಾಣಿಕರನ್ನೂ ಅದಲು ಬದಲು ಮಾಡಿಕೊಂಡು ಮರಳುತ್ತಿದ್ದವು. ಮನೆಯಿಂದ ದೂರವಿದ್ದವರ ಎಷ್ಟೋ ಕ್ಷೇಮಸಮಾಚಾರಗಳು ಇಲ್ಲಿ ವಿಮಾನ ಬದಲಿಸಿ ಹೋದವು. ಈ ಸೇವೆಗೆ ಬಲಿದಾನವೂ ಸಂದಿದೆ. 1953ರ ಡಿಸೆಂಬರ್ 12ರಂದು ಇಲ್ಲಿಂದ ಮೇಲೇರಿದ ಡಕೋಟಾ ಉರುಳಿ 13 ಜನ ತೀರಿಕೊಂಡರು. ಉಳಿದವರು ಪೈಲಟ್ ಒಬ್ಬರೇ. ಬಾಲದಡಿ ಪುಟ್ಟ ಚಕ್ರವಿದ್ದು, ಮೂಗೆತ್ತಿ ನಿಂತ ಎರಡು ಎಂಜಿನಿನ ತಗಡಿನ ವಿಮಾನ ಕೈಗೆ ಸಿಕ್ಕರೆ, ಮಕ್ಕಳಿಗೆ ಈ ಕಥೆ ಹೇಳಲು ಬೇರೆ ಚಿತ್ರ ಬೇಕಿಲ್ಲ.

ಇಂಥವು ಎಲ್ಲಿ ಸಿಕ್ಕಾವು? ನನಗೆ ಕಂಡಂತೆ, ಮೊದಲು ಹುಡುಕಬೇಕಾದದ್ದು ನಮ್ಮ ಮನೆಯ ಬೊಂಬೆ ಪೆಟ್ಟಿಗೆಯಲ್ಲೇ. ಮೇಲೆ ಪಟ್ಟದ ಬೊಂಬೆ, ಕೆಳಮೆಟ್ಟಿಲಲ್ಲಿ ಮಕ್ಕಳ ಕಾರು, ರೈಲು, ವಿಮಾನ. ವರ್ಷಕ್ಕೆ ಒಂಬತ್ತು ದಿನ ಹೊರಬಂದು ಉಳಿದ ಕಾಲ ಹಳೆಯ ಪಂಚೆಯಲ್ಲಿ ಸುತ್ತಿ ಮಲಗಿದ್ದರಿಂದಲೇ ಅವು ಉಳಿದವು. ಈಗ ಮನೆ ಬದಲಿಸುವಾಗ, ಫ್ಲ್ಯಾಟಿನಲ್ಲಿ ಜಾಗವಿಲ್ಲವೆಂದು, ಅದೇ ಪೆಟ್ಟಿಗೆ ಕಬಾಡಿಯವನ ತಕ್ಕಡಿ ಏರುತ್ತಿದೆ. ತಾನ್ಹಾ ಪೋಳಾದಂದು ಮಕ್ಕಳು ಮೆರವಣಿಗೆ ಮಾಡುವ ಮರದ ಎತ್ತನ್ನು ಇಲ್ಲಿಯವರು ಅಜ್ಜನಿಂದ ಮೊಮ್ಮಗನಿಗೆ ಕಾಪಾಡಿಕೊಂಡು ಬರುತ್ತಾರೆ. ನಾವೂ ಅಷ್ಟು ಮಾಡಬಾರದೆ?

ಕಾಪಾಡುವ ಕ್ರಮ ಕಷ್ಟದ್ದಲ್ಲ. ತವರಕ್ಕಿಂತ ಕಬ್ಬಿಣ ಬೇಗ ಸವೆಯುವ ಲೋಹ. ಆದ್ದರಿಂದ ಲೇಪದಲ್ಲಿ ಒಂದು ಗೀರು ಬಿದ್ದರೂ ಸಾಕು, ತೇವ ತಾಗಿದೊಡನೆ ಅಲ್ಲೇ ತುಕ್ಕು ವೇಗವಾಗಿ ಹಬ್ಬುತ್ತದೆ. ನೀರಿನಲ್ಲಿ ತೊಳೆಯಬೇಡಿ, ಮರಳು ಕಾಗದದಿಂದ ಉಜ್ಜಬೇಡಿ. ಮೆತ್ತನೆಯ ಒಣಬಟ್ಟೆ ಸಾಕು. ಹೊಸ ಬಣ್ಣವನ್ನಂತೂ ಬಳಿಯಲೇಬೇಡಿ. ಮುದ್ರೆ, ಹೆಸರು ಮುಚ್ಚಿಹೋದರೆ ಚರಿತ್ರೆಯೂ ಮುಚ್ಚಿಹೋಯಿತು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಎಳೆಯ ಮಕ್ಕಳ ಬಾಯಿಗೆ ಸಿಗದಂತಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಚೀಟಿಯಲ್ಲಿ ಯಾರು, ಯಾವ ಊರಿನಿಂದ, ಯಾವ ವರ್ಷ ತಂದರೆಂದು ಹಿರಿಯರನ್ನು ಕೇಳಿ ಬರೆದು ಜೊತೆಗಿಡಿ. ತಗಡು ಇನ್ನೂ ಕೆಲವು ಮಳೆಗಾಲಗಳನ್ನು ತಡೆದೀತು. ಹೇಳಬಲ್ಲ ಹಿರಿಯರು ಎಂದೆಂದಿಗೂ ನಮ್ಮೊಡನೆ ಇರುವುದಿಲ್ಲ.