ಉಪಗ್ರಹದ ಪಾಠ ಮತ್ತು ಸಮಾಜಕಾರ್ಯದ ಪದವಿ

ನಮ್ಮ ದೇಶದಲ್ಲಿ ಸಮಾಜಕಾರ್ಯವು ಉನ್ನತ ವ್ಯಾಸಂಗದ ವಿಷಯವಾದದ್ದು 1936ರಲ್ಲಿ, ಮುಂಬಯಿಯ ಸರ್ ದೊರಾಬ್ಜಿ ಟಾಟಾ ಸಂಸ್ಥೆಯಿಂದ. ಈ ಶಿಕ್ಷಣದಲ್ಲಿ ತರಗತಿಯಷ್ಟೇ ಕ್ಷೇತ್ರಕಾರ್ಯವೂ ಮುಖ್ಯ. ಹಾಗಾಗಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯವು ದೂರಶಿಕ್ಷಣದಲ್ಲಿ ಎಂ.ಎಸ್.ಡಬ್ಲ್ಯು. ಆರಂಭಿಸಿದಾಗ ನನಗೆ ಅನುಮಾನವಿತ್ತು. ಉಪನ್ಯಾಸಗಳಿಗೇನೋ ಕೊರತೆಯಿರಲಿಲ್ಲ: 2000ದಲ್ಲಿ ಜ್ಞಾನದರ್ಶನ ವಾಹಿನಿ ಬಂದಿತ್ತು, 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿತ್ತು. ಅದರ ಸೇವೆ ಮುಗಿದದ್ದು 2010ರಲ್ಲಿ.

ಅಂಗನವಾಡಿಯಲ್ಲಿ ದುಡಿಯುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ಪದವಿಗೆ ಸೇರಿದಳು. ಊರು ಬಿಟ್ಟು ಹೋಗಿ ಓದುವ ಅನುಕೂಲ ಅವಳಿಗಿರಲಿಲ್ಲ. ಸಂದರ್ಶನದ ಸೂತ್ರಗಳನ್ನೆಲ್ಲ ಪರದೆಯ ಮೇಲಿನ ಪಾಠಗಳಿಂದಲೇ ಕಲಿತಳು. ಒಮ್ಮೆ ತನ್ನ ಕ್ಷೇತ್ರಕಾರ್ಯದ ದಿನಚರಿಯನ್ನು ನನಗೆ ತೋರಿಸಿದಳು. ವಿಧವಾ ವೇತನದ ವಿಚಾರವಾಗಿ ಮುದುಕಿಯೊಬ್ಬಳಿಗೆ ತಾನು ಹೇಳಿದ ಬುದ್ಧಿಮಾತು ಮೂರು ಪುಟ. ಮುದುಕಿಯ ಮಾತು ಒಂದೇ ಸಾಲು. ಅಂಚಿನಲ್ಲಿ ಮೇಲ್ವಿಚಾರಕಿಯ ಕೆಂಪು ಶಾಯಿ: "ಆಕೆ ಏನು ಹೇಳಿದಳು?"

ಹುಡುಗಿಗೆ ಅವಮಾನವಾಗಿತ್ತು. (ಅಕ್ಷರ ತಿದ್ದುತ್ತಲೇ ವೃತ್ತಿ ಮುಗಿಸಿದ ನನಗೂ ಸ್ವಲ್ಪ ಚುಚ್ಚಿತೆನ್ನಿ.) ಮರುದಿನ ಮತ್ತೆ ಹೋಗಿ, ಜಗಲಿಯ ಮೇಲೆ ಸುಮ್ಮನೆ ಕುಳಿತಳಂತೆ. ಬಹಳ ಹೊತ್ತಿನ ಮೇಲೆ ಮುದುಕಿ ಹೇಳಿದಳು: ವೇತನ ತಿಂಗಳು ತಿಂಗಳೂ ಬರುತ್ತಿದೆ, ಮಗ ಕಸಿದುಕೊಳ್ಳುತ್ತಾನೆ.