ಜೀವಕೋಶ: ಪ್ರೋಕ್ಯಾರಿಯೋಟಿಕ್ ಮತ್ತು ಯೂಕ್ಯಾರಿಯೋಟಿಕ್ ರಚನೆ

ಆನುವಂಶಿಕ ದ್ರವ್ಯವಾದ ಡಿಎನ್‌ಎ ಪೊರೆಯ ಆವರಣವಿಲ್ಲದೆ ಕೋಶದ್ರವ್ಯದಲ್ಲಿಯೇ ನೆಲೆಸಿದ್ದರೆ ಅಂಥ ಕೋಶವನ್ನು ಪ್ರೋಕ್ಯಾರಿಯೋಟಿಕ್ ಎಂದೂ, ಇಮ್ಮಡಿ ಪೊರೆಯ ಕೋಶಕೇಂದ್ರದೊಳಗೆ ಅದು ಸುರಕ್ಷಿತವಾಗಿದ್ದು ಇತರ ಕಾರ್ಯಗಳಿಗೂ ಪ್ರತ್ಯೇಕ ಅಂಗಕಗಳಿದ್ದರೆ ಯೂಕ್ಯಾರಿಯೋಟಿಕ್ ಎಂದೂ ಕರೆಯುವುದು ವಾಡಿಕೆ. ಬ್ಯಾಕ್ಟೀರಿಯಗಳು ಮೊದಲನೆಯ ವರ್ಗದವು. ಸಸ್ಯ, ಪ್ರಾಣಿ, ಶಿಲೀಂಧ್ರಗಳು ಎರಡನೆಯವು.

ಲೇವನ್‌ಹುಕ್ ಬ್ಯಾಕ್ಟೀರಿಯಗಳನ್ನು ಕಂಡು 1676ರಲ್ಲಿ ವರದಿ ಮಾಡಿದ್ದರೂ, ರಾಬರ್ಟ್ ಬ್ರೌನ್ 1831ರಲ್ಲಿ ಸಸ್ಯಕೋಶದ ಕೇಂದ್ರವನ್ನು ವಿವರಿಸಿದ್ದರೂ, ಈ ಎರಡು ವರ್ಗಗಳ ಅಂತರ ವಿದ್ವಾಂಸರ ಲಕ್ಷ್ಯಕ್ಕೆ ಬರಲು ಬಹುಕಾಲ ಹಿಡಿಯಿತು. ಫ್ರಾನ್ಸಿನ ಎಡ್ವಾರ್ ಶಾಟನ್ 1925ರಲ್ಲಿ ಬಳಸಿದ ಈ ಹೆಸರುಗಳು ಹಲವು ವರ್ಷ ಉಪೇಕ್ಷಿತವಾಗಿಯೇ ಉಳಿದವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕೋಶದ ಒಳಗನ್ನು ತೆರೆದು ತೋರಿದ ಮೇಲೆ, 1962ರಲ್ಲಿ ಸ್ಟೇನಿಯರ್ ಮತ್ತು ವಾನ್ ನೀಲ್ ಅವುಗಳಿಗೆ ಸ್ಪಷ್ಟ ಲಕ್ಷಣವನ್ನು ಕೊಟ್ಟರು.

ಎರಡು ರಚನೆಗಳನ್ನೂ ಒಂದೆಡೆ ಕಾಣಬಯಸುವವನಿಗೆ ಮುಂಡರಗಿ ತಾಲ್ಲೂಕಿನ ಡಂಬಳದ ಸುತ್ತಣ ಎರೆಹೊಲಗಳಲ್ಲಿ ಹಿಂಗಾರಿಗೆ ಬಿತ್ತುವ ಕಡಲೆಯ ಬೇರಿಗಿಂತ ಉತ್ತಮವಾದ ನಿದರ್ಶನ ಬೇಡ. ಬೇರುಗಂಟನ್ನು ಸೀಳಿದರೆ ಒಳಗೆ ನಸುಗೆಂಪು ತೋರಬರುತ್ತದೆ; ಆಮ್ಲಜನಕವನ್ನು ಹದದಲ್ಲಿ ಹಿಡಿದಿಡುವ ಲೆಗ್‌ಹಿಮೊಗ್ಲೋಬಿನ್ನಿನ ಬಣ್ಣವದು. ಗಂಟಿನ ಒಂದೊಂದು ಸೋಂಕಿತ ಸಸ್ಯಕೋಶದೊಳಗೂ ಸಾವಿರಾರು ಮೀಸೊರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಗಳು, ಆತಿಥೇಯನೇ ಹೊದಿಸಿದ ಪೊರೆಯಲ್ಲಿದ್ದುಕೊಂಡು, ಗಾಳಿಯ ಸಾರಜನಕವನ್ನು ಅಮೋನಿಯವಾಗಿ ಮಾರ್ಪಡಿಸಿ, ಬದಲಿಗೆ ಸಸ್ಯದಿಂದ ಇಂಗಾಲಯುಕ್ತ ಆಹಾರವನ್ನು ಪಡೆಯುತ್ತವೆ. ಇವುಗಳಿಗೆ ಕೋಶಕೇಂದ್ರವಿಲ್ಲ, ಶಕ್ತಿ ಒದಗಿಸುವ ಅಂಗಕವಾದ ಮೈಟೊಕಾಂಡ್ರಿಯವಿಲ್ಲ. ಪ್ರೋಟೀನು ಕಟ್ಟುವ ರೈಬೊಸೋಮುಗಳೂ 70ಎಸ್ (ಎಸ್ ಎಂಬುದು ತಳವೂರುವ ವೇಗದ ಅಳತೆ) ಗಾತ್ರದ ಚಿಕ್ಕವು, ಸಸ್ಯದ ಕೋಶದ್ರವ್ಯದಲ್ಲಿರುವ 80ಎಸ್ ಗಾತ್ರದವಲ್ಲ. ಇಷ್ಟು ಸರಳವೆನಿಸಿದ ಕೋಶವು ಮಾಡುವ, ಸಾರಜನಕವನ್ನು ಮಾರ್ಪಡಿಸುವ ಈ ಕೆಲಸವನ್ನು ತಾನಾಗಿ ಮಾಡಬಲ್ಲ ಸಸ್ಯ ಒಂದೂ ಇಲ್ಲವೆಂಬುದನ್ನು ನೆನೆದರೆ, ಪ್ರೋಕ್ಯಾರಿಯೋಟುಗಳನ್ನು ಕೀಳೆಂದು ಬಗೆಯುವುದು ಯುಕ್ತವಲ್ಲ.

ಅದೇ ಸಸ್ಯಕೋಶದ ಮೈಟೊಕಾಂಡ್ರಿಯವಾದರೂ ಪುರಾತನ ಬ್ಯಾಕ್ಟೀರಿಯವೊಂದರ ಸಂತತಿಯೇ. ಲಿನ್ ಮಾರ್ಗುಲಿಸ್ 1967ರಲ್ಲಿ ಪುನರುಜ್ಜೀವಿಸಿದ ಈ ವಾದಕ್ಕೆ ಅಂದು ವಿರೋಧ ಬಹಳವಿದ್ದಿತು. ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎ ಮತ್ತು ರೈಬೊಸೋಮುಗಳ ಅಧ್ಯಯನ ಅದನ್ನು ಕ್ರಮೇಣ ಸಮರ್ಥಿಸಿತು. ಆದರೆ ಈ ಎರಡು ಸಹವಾಸಗಳಿಗೆ ಭೇದವುಂಟು: ಬೇರುಗಂಟು ಕೊಳೆತಾಗ ಬದುಕುಳಿದ ಮೀಸೊರೈಜೋಬಿಯಂ ಮಣ್ಣಿಗೆ ಹಿಂದಿರುಗಬಲ್ಲದು. ತನ್ನ ಬಹುತೇಕ ಜೀನುಗಳನ್ನು ಕೋಶಕೇಂದ್ರಕ್ಕೆ ಒಪ್ಪಿಸಿರುವ ಮೈಟೊಕಾಂಡ್ರಿಯಕ್ಕೆ ಹೊರಗೆ ಬಾಳಿಲ್ಲ.

1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೈಬೊಸೋಮಿನ ಆರ್‌ಎನ್‌ಎಯನ್ನು ತುಲನೆ ಮಾಡಿ, ಕೋಶಕೇಂದ್ರವಿಲ್ಲದ ಜೀವಿಗಳಲ್ಲಿಯೇ ಇಂದು ಆರ್ಕಿಯ ಎನಿಸಿಕೊಳ್ಳುವ ಬೇರೊಂದು ವಂಶವಿದೆಯೆಂದು ತೋರಿಸಿದರು. ಆದುದರಿಂದ ಪ್ರೋಕ್ಯಾರಿಯೋಟ್ ಎಂಬ ಹೆಸರನ್ನು ಈಗ ರಚನೆಗೆ ಅನ್ವಯಿಸುತ್ತಾರೆಯೇ ಹೊರತು ವಂಶಾವಳಿಗಲ್ಲ.